ಘಾಟಿನ ಎಂಜಿನ್ನಿಗೆ ಮನೆಯಲ್ಲೊಂದು ದನಿ

ಬೆಳಗಾವಿಯ ಟಿಳಕವಾಡಿಯಲ್ಲಿ ರೈಲ್ವೆ ಗೇಟು ಬಿದ್ದಾಗ, ಬರುತ್ತಿರುವ ಎಂಜಿನ್ ಯಾವುದೆಂದು ರೈಲುಪ್ರಿಯರು ಕಿವಿಯಿಂದಲೇ ಗುರುತಿಸುತ್ತಿದ್ದರು. ಹಳೆಯ ಆಲ್ಕೊ ಡೀಸೆಲ್ ಆದರೆ ಬಿಟ್ಟುಬಿಟ್ಟು ಗುಡುಗುವ ಲಯ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಆದರೆ ಒಂದೇ ಸಮನೆ ಮೊರೆಯುವ ಭಾರದ ದನಿ. ಈಗ ಖಾನಾಪುರ, ಲೋಂಡಾಗಳ ಹಳಿಯ ಮೇಲೂ ವಿದ್ಯುತ್ ತಂತಿ ಬಂದಿದೆ. ಆ ಡೀಸೆಲ್ ದನಿಯನ್ನು ಮಾದರಿ ರೈಲಿನಲ್ಲಾದರೂ ಉಳಿಸಿಕೊಳ್ಳಬೇಕು ಎನ್ನುವವರು ಡಿಕೋಡರ್ ಕೊಳ್ಳುವಾಗ ತುಸು ಯೋಚಿಸಬೇಕು.

ಡಿಕೋಡರ್ ಎಂದರೆ ಮಾದರಿ ಎಂಜಿನ್ನಿನ ಹೊಟ್ಟೆಯೊಳಗೆ ಕೂರುವ ಪುಟ್ಟ ಸರ್ಕ್ಯೂಟ್. ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಪದ್ಧತಿಯಲ್ಲಿ ವಿದ್ಯುತ್ತೂ ಆಜ್ಞೆಯೂ ಒಂದೇ ಹಳಿಯಲ್ಲಿ ಹರಿಯುತ್ತವೆ. ತನ್ನ ವಿಳಾಸಕ್ಕೆ ಬಂದ ಆಜ್ಞೆಯನ್ನಷ್ಟೇ ಡಿಕೋಡರ್ ಪಾಲಿಸುತ್ತದೆ. ಬರೀ ದೀಪ, ಮೋಟಾರು ನಡೆಸುವ ಡಿಕೋಡರಿನ ಬೆಲೆ ಕಡಿಮೆ, ಸದ್ದಿನದ್ದು ದುಬಾರಿ. ದುಡ್ಡು ಒಂದಕ್ಕೇ ಸಾಲುವುದಾದರೆ ನನ್ನ ಮತ ಸದ್ದಿಗೇ.

ಭಾರತೀಯ ಎಂಜಿನ್ನಿನದೇ ಸದ್ದು ಸಿಗದಿದ್ದರೆ? ಎದೆಗುಂದಬೇಕಿಲ್ಲ. ಡಬ್ಲ್ಯುಡಿಜಿ-4ರ ಒಳಗಿರುವುದು ಅಮೆರಿಕದ ಇಎಂಡಿ ಕಂಪನಿಯ 16 ಸಿಲಿಂಡರಿನ, ಟೂ-ಸ್ಟ್ರೋಕ್ 710 ಎಂಜಿನ್. ಅಲ್ಲಿನ ಎಸ್‌ಡಿ70 ಎಂಜಿನ್ನುಗಳದ್ದೂ ಅದೇ ಕುಲ, ಅವುಗಳ ಸದ್ದನ್ನೇ ಬಳಸಬಹುದು. ಹಳೆಯ ಡಬ್ಲ್ಯುಡಿಎಂ-2 ಬೇಕಿದ್ದರೆ ಫೋರ್-ಸ್ಟ್ರೋಕಿನ ಆಲ್ಕೊ 251 ಸದ್ದನ್ನು ಹುಡುಕಬೇಕು. ಜರ್ಮನಿಯ ಇಎಸ್‌ಯು ಕಂಪನಿಯ ಲೋಕ್‌ಸೌಂಡ್‌ನಂಥ ಡಿಕೋಡರಿಗೆ ಕಂಪ್ಯೂಟರಿನಿಂದ ಬೇರೆ ಸದ್ದು ತುಂಬಬಹುದು. ಹಾರ್ನ್ ಮಾತ್ರ ನಮ್ಮದೇ ಇರಲಿ. ಅಮೆರಿಕದ ಹಾರ್ನ್ ಕೂಗಿದರೆ ಲೋಂಡಾ ಅಲ್ಲಿಗೇ ಮಾಯ.

ದೀಪಕ್ಕೆ ಬಣ್ಣದ ತಂತಿಗಳ ಲೆಕ್ಕವಿದೆ: ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ, ನೀಲಿ ಎರಡಕ್ಕೂ ಸೇರಿದ್ದು. ಎಲ್‌ಇಡಿಗೆ ರೆಸಿಸ್ಟರ್ ಹಾಕದೆ ಜೋಡಿಸಿದರೆ ಕ್ಷಣದಲ್ಲೇ ಸುಟ್ಟೀತು. ಇನ್ನೊಂದು ಔಟ್‌ಪುಟ್ ಉಳಿದರೆ ಅದನ್ನು ಫ್ಲ್ಯಾಷರ್ ದೀಪಕ್ಕೆ ಕೊಡಿ. ಅವಘಡವಾದಾಗ ಎದುರಿನ ರೈಲನ್ನು ಎಚ್ಚರಿಸಲು ಮಿನುಗುವ ಆ ಹಳದಿ ದೀಪ ನಮ್ಮ ಎಂಜಿನ್ನುಗಳ ಗುರುತು.

ನಿಜವಾದ ಸುಖ ಇರುವುದು ಘಾಟಿನ ಗಾಡಿ ಕಟ್ಟುವುದರಲ್ಲಿ. ಲೋಂಡಾ ದಾಟಿ ಕ್ಯಾಸಲ್‌ರಾಕ್‌ನಿಂದಾಚೆ ಹಳಿ 37 ಅಡಿಗೆ ಒಂದಡಿಯಂತೆ ಇಳಿಯುತ್ತದೆ. ಘಾಟಿನ ಬುಡದ ಕುಳೆಂನಿಂದ ಮೇಲೇರುವ ಗೂಡ್ಸ್ ಗಾಡಿಯನ್ನು ಹಿಂದಿನಿಂದ ಬ್ಯಾಂಕರ್ ಎಂಜಿನ್ನುಗಳು ನೂಕುತ್ತವೆ. ಮಾದರಿಯಲ್ಲೂ ಇದು ಸಾಧ್ಯ. ಮುಂದಿನ ಮತ್ತು ಹಿಂದಿನ ಎಂಜಿನ್ನುಗಳ ಡಿಕೋಡರಿನಲ್ಲಿ ಸಿವಿ 19ರಲ್ಲಿ (ಸಿವಿ ಎಂದರೆ ಡಿಕೋಡರಿನ ಒಂದೊಂದು ಹೊಂದಾಣಿಕೆಯ ಸಂಖ್ಯೆ ಇಡುವ ಜಾಗ) ಒಂದೇ ಸಂಖ್ಯೆ ಬರೆದರೆ ಎಲ್ಲವೂ ಒಂದೇ ಆಜ್ಞೆಗೆ ಓಡುತ್ತವೆ. ಬ್ಯಾಂಕರಿನ ಸದ್ದನ್ನು ತುಸು ತಗ್ಗಿಸಿ, ಎಲ್ಲ ಎಂಜಿನ್ನುಗಳ ವೇಗ ಹೆಚ್ಚುವ ಗತಿಯನ್ನು ಸಿವಿ 3ರಲ್ಲಿ ನಿಧಾನಗೊಳಿಸಿದರೆ, ಗಾಡಿ ಭಾರ ಹೊತ್ತೇ ಹೊರಡುತ್ತದೆ.