ಮಂಗಳವಾರದ ಬೆಂಚು

ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಸೋಮವಾರ ಕುದಿಯುತ್ತದೆ. ಮಂಗಳವಾರ ಚೀಲಗಳು ಲಾರಿ ಹತ್ತಿದರೂ ಘಾಟು ಊರು ಬಿಡುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದ ಮಂಗಳವಾರವೆಂದರೆ ಮನೋವೈದ್ಯರು ಕೂರುವ ದಿನ. ಕಾರಿಡಾರಿನ ಬೆಂಚಿನ ಮೇಲೆ ಸೀನು, ಕೆಮ್ಮು, ಹಳೆಯ ಚೀಟಿ ತುಂಬಿದ ಪ್ಲಾಸ್ಟಿಕ್ ಚೀಲಗಳು.

ತೊಟ್ಟು ಬಿಡಿಸಿ ಬಿಡಿಸಿ ಉಗುರಿನ ಸಂದಿ ಕೆಂಪಾದ ತಾಯಿ. ಪಕ್ಕದಲ್ಲಿ ಮಗ: ತೋಳಿನಲ್ಲಿ ತಾಯತ, ಕೈಯಲ್ಲಿ ಸಣ್ಣ ನಡುಕ, ಯಾರಿಗೋ ಉತ್ತರ ಕೊಡುವಂತೆ ಆಡುವ ತುಟಿ. ಮೊದಲು ‘ಗಾಳಿ’ ಅಂದರು, ಆಮೇಲೆ ಸ್ಕಿಜೋಫ್ರೇನಿಯಾ ಅಂದರು. ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ಹೊಸ ಔಷಧದ ಪ್ರಯೋಗಕ್ಕೆ ಸೇರಿಸುತ್ತೀರಾ ಎಂದು ಕೇಳಿದ್ದಾರಂತೆ.

“ನಾ ಹೂಂ ಅಂದ್ರ ಸಾಕಲ್ರಿ, ಡಾಕ್ಟ್ರ?”

“ಹೂಂ ಅನ್ನಬೇಕಾದಾಂವ ಅವನರಿ ಯವ್ವಾ.”

ಮಗ ಥಟ್ಟನೆ ತಲೆಯೆತ್ತಿದ. “ಆ ಗುಳಿಗಿ ತಗೊಂಡ್ರ ಹಿಂಗ ದಿನಾ ಮಂಪರ ಬರ್ತದೇನ್ರಿ?”

ಅಲ್ಲಿದ್ದವರಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಪ್ರಯೋಗಕ್ಕೆ ಬೇಕಾದದ್ದೂ ಅದೇ.

ಹಳೆಯ ಗುಳಿಗೆಗಳಿಗೆ ಬಗ್ಗದ ಕಾಯಿಲೆಗೆ ಇಂದು ಕೊಡುವ ಕ್ಲೋಜಪೈನ್ ಕೂಡ ಇಂಥ ಪ್ರಯೋಗದಿಂದಲೇ ಮರಳಿ ಬಂದದ್ದು. 1975ರಲ್ಲಿ ಫಿನ್ಲೆಂಡಿನಲ್ಲಿ ಬಿಳಿ ರಕ್ತಕಣ ಕುಸಿದು ಜನ ಸತ್ತಾಗ ಅದು ಬಹುತೇಕ ಮೂಲೆಗೆ ಬಿದ್ದಿತ್ತು. 1988ರಲ್ಲಿ ಅಮೆರಿಕದ 268 ರೋಗಿಗಳ ಮೇಲಿನ ಅಧ್ಯಯನ ಪ್ರಕಟವಾಯಿತು: ಕ್ಲೋಜಪೈನ್ ಪಡೆದವರಲ್ಲಿ ನೂರಕ್ಕೆ 30 ಮಂದಿ ಸುಧಾರಿಸಿದರೆ, ಹಳೆಯ ಕ್ಲೋರ್‌ಪ್ರೊಮಜೈನ್ ಪಡೆದವರಲ್ಲಿ 4 ಮಂದಿ. ಈಗಲೂ ಅದನ್ನು ನುಂಗುವವರು ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ. ಆ 268 ಮಂದಿಯ ಹೆಸರು ನಮಗೆ ಗೊತ್ತಿಲ್ಲ. ಗುಳಿಗೆ ಮಾತ್ರ ಗೊತ್ತು.

ಹಾಗಂತ ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸಂಶೋಧನೆಗೆ ಸಾಮಾನ್ಯವಾಗಿ ರೋಗಿಯದೇ ಒಪ್ಪಿಗೆ ಬೇಕು. ಯಾವಾಗ ಬೇಕಾದರೂ ಹೊರಬರಬಹುದು. ಬಂದರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕೆಂದು 2019ರ ನಿಯಮಗಳಿವೆ. ಇದನ್ನೆಲ್ಲ ಬ್ಯಾಡಗಿಯ ಕನ್ನಡದಲ್ಲಿ ಕೂತು ಹೇಳುವವರು ಬೇಕು. ಹತ್ತಾರು ಪುಟದ ಸಮ್ಮತಿ ಪತ್ರವನ್ನು ಕೈಗಿಟ್ಟು ‘ಓದ್ಕೊಳ್ರಿ’ ಎನ್ನುವುದು ಹೇಳಿದಂತಲ್ಲ.

ನಿಮ್ಮ ಮನೆಗೂ ಇಂಥ ಕಾಗದ ಬಂದರೆ, ಆ ಪ್ರಯೋಗ ಸಿಟಿಆರ್‌ಐ ಎಂಬ ರಾಷ್ಟ್ರೀಯ ಪಟ್ಟಿಯಲ್ಲಿ ದಾಖಲಾಗಿದೆಯೇ, ಯಾವ ನೈತಿಕ ಸಮಿತಿ ಒಪ್ಪಿದೆ ಎಂದು ಕೇಳಿ. ಸದ್ಯ ನುಂಗುತ್ತಿರುವ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮಾತಾಡಲು ಯಾರೂ ಸಿಗದಿದ್ದರೆ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೀಳುವುದಿಲ್ಲ.