ಮೂರು ತಿಂಗಳಿಗೇ ಬಿಟ್ಟುಬಂದ ಕೆಲಸ

"ಉಸ್ತಾದ್, ನಿಮ್ಮ ಮಾತು ಕೇಳ್ತಾನೆ. ಸ್ವಲ್ಪ ಬುದ್ಧಿ ಹೇಳಿ."

ಮಗ್ರಿಬ್ ಆದ ಮೇಲೆ ಮಸೀದಿ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದವರು ಕರಾವಳಿಯಿಂದ ಬಳ್ಳಾರಿಗೆ ಬಂದು ಹೋಟೆಲ್ ನಡೆಸುತ್ತಿರುವ ನಮ್ಮ ಬ್ಯಾರಿ ಸಹೋದರರೊಬ್ಬರು. ಮಗ ಬಿ.ಕಾಂ. ಮುಗಿಸಿ ಸಿರುಗುಪ್ಪದಲ್ಲಿ ಸಾಲ ಕೊಡುವ ಕಂಪೆನಿಯೊಂದಕ್ಕೆ ಸೇರಿದ್ದ. ಬೈಕಿನಲ್ಲಿ ಹಳ್ಳಿ ಸುತ್ತಿ ಹೆಂಗಸರ ಸಂಘಗಳಿಂದ ವಾರದ ಕಂತು ವಸೂಲು ಮಾಡುವ ಕೆಲಸ. ಮೂರು ತಿಂಗಳಿಗೇ ಬಿಟ್ಟುಬಂದಿದ್ದ.

ಹುಡುಗನನ್ನು ಕರೆಸಿದೆ. "ಕೆಲಸ ಕಷ್ಟ ಆಯ್ತಾ?"

"ಇಲ್ಲ ಉಸ್ತಾದ್. ಭತ್ತದ ದುಡ್ಡು ಇನ್ನೂ ಬಂದಿಲ್ಲ ಅಂತ ಒಬ್ಬರು ಅಜ್ಜಿ ಕೈ ಮುಗಿದರು. ಕಟ್ಟೋವರೆಗೆ ಅಲ್ಲಿಂದ ಏಳಬೇಡ ಅಂತ ಮೇಲಿನವರ ಫೋನ್. ರಾತ್ರಿ ಎಂಟರವರೆಗೆ ಅವರ ಕಟ್ಟೆ ಮೇಲೆ ಕೂತಿದ್ದೆ. ಬಡ್ಡಿ ಹರಾಂ ಅಂತ ಕಲಿಸಿದ್ದು ನೀವೇ ಅಲ್ವಾ?"

ನಿಜ ಹೇಳುತ್ತೇನೆ, "ಬೇರೆ ಕೆಲಸ ಸಿಗೋವರೆಗೆ ಸುಧಾರಿಸ್ಕೋ" ಎನ್ನಲು ಸಿದ್ಧನಾಗಿಯೇ ಕುಳಿತಿದ್ದೆ. ಮಾತು ಬಾಯಲ್ಲೇ ಉಳಿಯಿತು. ವಸೂಲಿಯ ಕಿರುಕುಳ ಎಷ್ಟಾಗಿತ್ತೆಂದರೆ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಲವಂತ ಮಾಡಿದವರಿಗೆ 10 ವರ್ಷದವರೆಗೆ ಜೈಲು. ಕಾನೂನಿಗೆ ತಪ್ಪೆಂದು ಕಂಡದ್ದು ಈ ಹುಡುಗನಿಗೂ ಕಂಡಿತ್ತು, ಅಷ್ಟೇ.

ಹಾಗೆಂದು ಬಾಪನನ್ನು ದುಡ್ಡಿನಾಸೆಯವರು ಎನ್ನಲಾಗದು. ಗಣಿ ಜೋರಾಗಿದ್ದಾಗ ಕಾಲೇಜು ಬಿಟ್ಟು ಟಿಪ್ಪರ್ ಹತ್ತಿದ ಹುಡುಗರನ್ನು ಬಳ್ಳಾರಿಯಲ್ಲಿ ಅವರು ಕಂಡವರು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಸಾಲ ಮಾಡಿ ಕೊಂಡ ಲಾರಿಗಳು ನಿಂತಲ್ಲೇ ನಿಂತವು. ಅಂದಿನಿಂದ ಅವರಿಗೆ ತಿಂಗಳ ಕೊನೆಗೆ ತಪ್ಪದೆ ಬರುವ ಸಂಬಳವೇ ದೊಡ್ಡದು. ಅದೂ ಒಂದು ಮೌಲ್ಯವೇ, ಅನುಭವದಿಂದ ಬಂದದ್ದು. ಬಾಪ ಭದ್ರತೆ ನೋಡುತ್ತಾರೆ, ಮಗ ಸಂಪಾದನೆಯ ದಾರಿ ನೋಡುತ್ತಾನೆ. ಆದರೆ ದಾರಿ ನೋಡುವುದನ್ನು ಅವನಿಗೆ ಕಲಿಸಿದ್ದೂ ಅದೇ ಮನೆ: ಹೋಟೆಲಿನಲ್ಲಿ ಹಳಸಿದ್ದನ್ನು ಗಿರಾಕಿಗೆ ಬಡಿಸದ ಬಾಪನನ್ನು ನೋಡಿಯೇ ಅವನು ಬೆಳೆದದ್ದು.

ಕುರುಗೋಡಿನ ಒಂದು ಮನೆಯಲ್ಲಿ ಇದು ಇನ್ನೊಂದು ರೀತಿ. ಮಗಳಿಗೆ ನರ್ಸಿಂಗ್ ಬೇಕು, ಉಮ್ಮನಿಗೆ ನೈಟ್ ಡ್ಯೂಟಿಯ ಭಯ. "ರೋಗಿಯ ಸೇವೆ ಪುಣ್ಯ ಅಂತ ನೀವೇ ಹೇಳ್ತೀರಲ್ಲ ಉಮ್ಮಾ" ಎಂದು ಅವಳ ವಾದ. ಮದೀನಾದಲ್ಲಿ ಪ್ರವಾದಿಯವರ ಮಸೀದಿಯ ಡೇರೆಯಲ್ಲಿ ಗಾಯಾಳುಗಳನ್ನು ಉಪಚರಿಸಿದ ರುಫೈದಾರ ಕಥೆ ಹೇಳಿದೆ. ಉಮ್ಮ ಕೇಳಿಸಿಕೊಂಡರು, ಆಮೇಲೆ ಹಾಸ್ಟೆಲ್ ಬಗ್ಗೆ ವಿಚಾರಿಸಿದರು. ಇಂಥ ಭಯಕ್ಕೆ ಕಥೆಗಿಂತ ಹಾಸ್ಟೆಲ್‌ನ ವಿವರವೇ ಉತ್ತರ ಎಂದು ನನಗೂ ಆಗ ಹೊಳೆಯಿತು.

ಬಿ.ಕಾಂ. ಹುಡುಗ ಈಗ ಸಿರುಗುಪ್ಪದ ರೈಸ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಸಂಬಳ ಮೊದಲಿಗಿಂತ ಆರು ಸಾವಿರ ಕಡಿಮೆ. ಮದುವೆ ಮಾತಿಗೆ ಬಂದವರು ಅದನ್ನೇ ಎತ್ತಿದರಂತೆ. ಬಾಪ ನನ್ನ ಹತ್ತಿರ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಆದರೆ ಹೋದ ವಾರ ಹೋಟೆಲಿಗೆ ಅಕ್ಕಿ ಆ ಮಿಲ್ಲಿನಿಂದಲೇ ಬಂದಿತ್ತು.