ಘಟ್ಟವೇರುವ ಎಂಜಿನಿಗೆ ತಂಪು

ಮೂಡಿಗೆರೆ ತಾಲ್ಲೂಕಿನ ದೇವರಮನೆಯ ಬೆಟ್ಟಗಳನ್ನು ಮಳೆಗಾಲದಲ್ಲಿ ಮಂಜು ಮುಸುಕಿರುತ್ತದೆ. ಅಂಥ ತಂಪುನಾಡಿನಲ್ಲಿ ಮೋಟಾರು ಎಂಜಿನು ಕಾದು ಕುದಿಯುವುದೆಂದರೆ ಆಶ್ಚರ್ಯವೆನಿಸಬಹುದು. ಆದರೆ ಬೇಸಗೆಯಲ್ಲಿ ಕರಾವಳಿಯ ಕಡೆಯಿಂದ ಚಾರ್ಮಾಡಿ ಘಟ್ಟವನ್ನೇರುವ ವಾಹನಗಳನ್ನು ಕಂಡವರಿಗೆ ಇದು ಹೊಸದಲ್ಲ. ತೋಟದ ಹಳೆಯ ಜೀಪಿನ ಮೂಲ ಎಂಜಿನನ್ನು ತೆಗೆದು ಹೆಚ್ಚು ಶಕ್ತಿಯ ಬೇರೊಂದನ್ನು ಕೂಡಿಸಿದ್ದರಂತೂ ಈ ತೊಂದರೆ ಮತ್ತಷ್ಟು ಬೇಗ ತಲೆದೋರುತ್ತದೆ. ಇದರ ಕಾರಣವೇನೆಂಬುದನ್ನು ವಿಚಾರಿಸೋಣ.

ಎಂಜಿನಿನಲ್ಲಿ ಉರಿಯುವ ಇಂಧನದ ಶಕ್ತಿಯೆಲ್ಲವೂ ಚಕ್ರಗಳನ್ನು ತಲುಪುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲೊಂದು ಪಾಲು ಕೆಲಸವಾಗಿ ಪರಿಣಮಿಸುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಬೀಳುತ್ತದೆ. ಉಳಿದ ಪಾಲು ಎಂಜಿನಿನ ಲೋಹವನ್ನು ಕಾಯಿಸುತ್ತದೆ. 1,500 ಕಿಲೋಗ್ರಾಂ ತೂಕದ ಜೀಪೊಂದು 700 ಮೀಟರ್ ಎತ್ತರವನ್ನು ಏರಿತೆಂದು ಭಾವಿಸೋಣ. ಅದಕ್ಕೆ ಬೇಕಾದ ಕೆಲಸ ಸುಮಾರು ಒಂದು ಕೋಟಿ ಜೂಲ್. ಹೆಚ್ಚುಕಡಮೆ ಅಷ್ಟೇ ಶಾಖವನ್ನು ರೇಡಿಯೇಟರು ಗಾಳಿಗೆ ಬಿಟ್ಟುಕೊಡಬೇಕು. ಹತ್ತು ಲೀಟರು ನೀರನ್ನು 25 ಡಿಗ್ರಿಯಿಂದ 100 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಲು ಸಾಕಾಗುವುದು 31 ಲಕ್ಷ ಜೂಲ್. ಎಂದರೆ ಈ ಶಾಖ ಅಷ್ಟು ನೀರನ್ನು ಮೂರು ಸಲ ಕುದಿಯುವ ಮಟ್ಟಕ್ಕೆ ತರಬಲ್ಲುದು!

ರೇಡಿಯೇಟರು ಹೊರಹಾಕುವ ಶಾಖವು ನೀರಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ನೀರು 90 ಡಿಗ್ರಿ, ಗಾಳಿ 20 ಡಿಗ್ರಿ ಇದ್ದರೆ ಅಂತರ 70. ಗಾಳಿ 38 ಡಿಗ್ರಿಗೇರಿದರೆ ಅಂತರ 52 ಮಾತ್ರ. ರೇಡಿಯೇಟರಿನ ಸಾಮರ್ಥ್ಯದಲ್ಲಿ ಕಾಲುಭಾಗ ನಷ್ಟವಾದಂತೆಯೇ ಸರಿ. ಏರಿನಲ್ಲಿ ಕೆಳಗಿನ ಗೇರಿನಲ್ಲಿ ಸಾಗುವಾಗ ಎಂಜಿನು ರಭಸದಿಂದ ತಿರುಗುತ್ತದೆ, ಎದುರುಗಾಳಿಯಾದರೋ ಅಲ್ಪ. ಶಕ್ತಿ ಹೆಚ್ಚಿದ ಎಂಜಿನು ನಿಮಿಷಕ್ಕೆ ಹೆಚ್ಚು ಇಂಧನವನ್ನು ಸುಡುತ್ತದೆ. ರೇಡಿಯೇಟರು ಹಳೆಯದೇ ಆದರೆ ಹೆಚ್ಚಿದ ಶಾಖ ಹೋಗುವುದೆಲ್ಲಿಗೆ?

ಎತ್ತರವೂ ತನ್ನ ಪಾತ್ರವನ್ನು ವಹಿಸುತ್ತದೆ. ಸಮುದ್ರಮಟ್ಟದಿಂದ 1,000 ಮೀಟರ್ ಮೇಲೆ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ರೇಡಿಯೇಟರಿನ ಬಿಗಿಮುಚ್ಚಳ ಒಳಗೆ ಒತ್ತಡವನ್ನು ಕಾಯ್ದು ಕುದಿಬಿಂದುವನ್ನು ಮೇಲೇರಿಸುತ್ತದೆ. ಮುಚ್ಚಳದ ರಬ್ಬರು ಸವೆದರೆ ಆ ರಕ್ಷಣೆ ತಪ್ಪಿತು. ನೀರಿಗೆ ಬೆರೆಸುವ ಗ್ಲೈಕಾಲ್ ಕುದಿಬಿಂದುವನ್ನು ಏರಿಸುತ್ತದಾದರೂ ಶಾಖವನ್ನು ಹೊರುವುದರಲ್ಲಿ ಬರಿಯ ನೀರಿಗಿಂತ ಹಿಂದು. ಆದುದರಿಂದ ತಯಾರಕರು ಹೇಳಿದ ಪ್ರಮಾಣವನ್ನು ಮೀರಬಾರದು.

ಪರಿಹಾರಗಳು ಸರಳವಾದುವು. ಎಂಜಿನಿನ ಶಕ್ತಿಗೆ ತಕ್ಕ ರೇಡಿಯೇಟರಿರಬೇಕು. ಫ್ಯಾನಿನ ಸುತ್ತ ಕವಚವಿದ್ದರೆ ಗಾಳಿ ಅಂಚಿನಿಂದ ನುಸುಳಿಹೋಗದೆ ರೇಡಿಯೇಟರಿನ ಮೂಲಕವೇ ಹರಿಯುತ್ತದೆ. ತೋಟದ ಹಾದಿಯ ಕೆಸರು ರೇಡಿಯೇಟರಿನ ಸಂದುಗಳಲ್ಲಿ ಒಣಗಿ ನಿಲ್ಲದಂತೆ ತೊಳೆಯಬೇಕು. ‘ತಂಪಾಗಲಿ’ ಎಂದು ಥರ್ಮೋಸ್ಟಾಟನ್ನು ಕಿತ್ತೆಸೆಯುವುದು ತಪ್ಪು. ಕೆಲವು ಎಂಜಿನುಗಳಲ್ಲಿ ಆಗ ನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆ ಅಡ್ಡದಾರಿಯಲ್ಲೇ ಸುತ್ತುತ್ತದೆ.

2016ರಲ್ಲಿ ಏಷ್ಯಾ–ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಒಂದು ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯಿತು. ಅಂಥ ಸ್ಪರ್ಧೆಯ ಕಾರುಗಳಲ್ಲಿ ಶಕ್ತಿಯೊಡನೆ ತಂಪಿನ ಏರ್ಪಾಡನ್ನೂ ಬೆಳೆಸಿರುತ್ತಾರೆ. ಸಾರ್ವಜನಿಕ ರಸ್ತೆಯ ವಾಹನಗಳ ಮಾತು ಬೇರೆ. ಅವುಗಳ ಮಾರ್ಪಾಡಿಗೆ 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣ ಕಟ್ಟುಪಾಡುಗಳನ್ನು ವಿಧಿಸಿದೆ.

ಏರಿನಲ್ಲಿ ಉಷ್ಣಮಾಪಕದ ಮುಳ್ಳು ಕೆಂಪುಗೆರೆಯತ್ತ ಸರಿದರೆ ತಿರುವಿನಿಂದ ದೂರವಾದ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಬೇಕು. ಹಾಗೆಯೇ ಮುಂದುವರಿದರೆ ಸಿಲಿಂಡರಿನ ತಲೆಭಾಗ ಡೊಂಕಾಗಬಹುದು, ಪಿಸ್ಟನ್ನು ಕಚ್ಚಿಕೊಳ್ಳಬಹುದು. ಆದರೆ ಬಿಸಿಯಾಗಿರುವಾಗ ಮುಚ್ಚಳವನ್ನು ಎಂದೂ ತೆರೆಯಬಾರದು. ಒಳಗೆ 110 ಡಿಗ್ರಿಯಲ್ಲಿರುವ ನೀರು ಒತ್ತಡ ಕಳಚಿದೊಡನೆ ಕುದಿಯುತ್ತದೆ. ಹತ್ತು ಲೀಟರಿನಲ್ಲಿ ಐವತ್ತರಲ್ಲೊಂದು ಭಾಗ ಆವಿಯಾದರೂ 300 ಲೀಟರಿಗೂ ಮಿಕ್ಕ ಹಬೆ ಕುದಿನೀರನ್ನು ಹೊತ್ತು ಮುಖಕ್ಕೆ ಚಿಮ್ಮುತ್ತದೆ. ಎಂಜಿನು ಪೂರ್ತಿ ತಣಿಯುವವರೆಗೆ ಕಾಯುವ ತಾಳ್ಮೆಯೇ ಅಲ್ಲಿ ನಮ್ಮ ಕಣ್ಣುಗಳನ್ನು ಕಾಪಾಡುವುದು.